755 ಬಿಟ್ಟು ಹ್ಯಾಂಕ್ ಆರನ್ ಬಗ್ಗೆ ಮಾತಾಡೋಣ ಬನ್ನಿ

ರಾತ್ರಿಪಾಳಿ

ಅಮೆರಿಕದ ಬೇಸ್‌ಬಾಲ್ ಆಟಗಾರ ಹ್ಯಾಂಕ್ ಆರನ್ ಹೆಸರು ಬಂದ ಕೂಡಲೇ 755 ಅನ್ನೋ ಸಂಖ್ಯೆ ಬರುತ್ತದೆ, ಅವರು ಹೊಡೆದ ಹೋಮ್ ರನ್‌ಗಳ ಲೆಕ್ಕ. ಅದರ ಹಿಂದೆಯೇ ಇವರಿಗೆ ಮೊದಲು ದಾಖಲೆ ಇಟ್ಟಿದ್ದ ಬೇಬ್ ರೂತ್ 714, ಆಮೇಲೆ ಇವರನ್ನು ದಾಟಿದ ಬ್ಯಾರಿ ಬಾಂಡ್ಸ್ 762. ಆಮೇಲೆ ಜಗಳ. ಈ ಮೂರು ಸಂಖ್ಯೆಗಳ ಗದ್ದಲದಲ್ಲಿ ಆ ಮನುಷ್ಯ ಎಂಥ ಬ್ಯಾಟರ್ ಅನ್ನೋದೇ ಮುಚ್ಚಿಹೋಗಿದೆ ಅನ್ನೋದು ನನ್ನ ತಕರಾರು.

ಒಂದು ಲೆಕ್ಕ ನೋಡಿ. 23 ಸೀಸನ್‌ಗಳಲ್ಲಿ ಆರನ್ ಹೊಡೆದ ಹಿಟ್‌ಗಳು, ಅಂದರೆ ಔಟಾಗದೆ ಓಡಿ ಬೇಸ್ ಎಂಬ ಗುರುತು ಮುಟ್ಟಿಸಿದ ಹೊಡೆತಗಳು, 3,771. ಅದರಲ್ಲಿ 755 ಹೋಮ್ ರನ್ನನ್ನೂ ಕಿತ್ತು ಹಾಕಿ. ಇನ್ನೂ 3,016 ಉಳಿಯುತ್ತದೆ. ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ 3,000 ಹಿಟ್ ದಾಟಿದವರು ಬೆರಳೆಣಿಕೆಯಷ್ಟು ಅಲ್ಲದಿದ್ದರೂ ಒಂದು ಬಸ್ಸಿನಲ್ಲಿ ಆರಾಮಾಗಿ ಕೂರುವಷ್ಟೇ ಜನ. ಹೋಮ್ ರನ್ ಅನ್ನೋದೇ ಇಲ್ಲದಿದ್ದರೂ ಆರನ್‌ಗೆ ಆ ಬಸ್ಸಿನಲ್ಲಿ ಸೀಟು ಇರುತ್ತಿತ್ತು.

ಇನ್ನೊಂದು ವಿಷಯ. ಇಷ್ಟು ಹೋಮ್ ರನ್ ಹೊಡೆದವರು ಒಂದು ಸೀಸನ್‌ನಲ್ಲೂ 50 ಮುಟ್ಟಲಿಲ್ಲ. ಅತಿ ಹೆಚ್ಚು ಅಂದರೆ 47. ಅದೂ 1971ರಲ್ಲಿ, 37ನೇ ವಯಸ್ಸಿನಲ್ಲಿ. 44 ಹೊಡೆದದ್ದು ನಾಲ್ಕು ಸಲ: 1957, 1963, 1966, 1969. ಬೆನ್ನ ಮೇಲಿನ ನಂಬರ್ರೂ 44, ಅದು ಕಾಕತಾಳೀಯ ಬಿಡಿ. 1955ರಿಂದ 1974ರವರೆಗೆ ಸತತ 20 ಸೀಸನ್, ಒಂದರಲ್ಲೂ 20ಕ್ಕಿಂತ ಕೆಳಗೆ ಇಳಿಯಲಿಲ್ಲ. ಯಾವ ವರ್ಷ ನೋಡಿದರೂ ಅದೇ ಕೆಲಸ, ಅಷ್ಟೇ ಸದ್ದಿಲ್ಲದೆ.

ದೊಡ್ಡ ಮೈಕಟ್ಟೂ ಅಲ್ಲ. ಆರು ಅಡಿ, ಸುಮಾರು 82 ಕೆಜಿ. ಬಲವೆಲ್ಲ ಮಣಿಕಟ್ಟಿನಲ್ಲಿತ್ತು. ಚೆಂಡನ್ನು ತೀರಾ ಹತ್ತಿರ ಬರೋವರೆಗೆ ಬಿಟ್ಟು ಕೊನೇ ಗಳಿಗೆಯಲ್ಲಿ ಬ್ಯಾಟ್ ಬೀಸುತ್ತಿದ್ದರು. ಆಟದ ಪಾಠ ಹೇಳುವವರು ಹಿಂದಿನ ಕಾಲಿನ ಮೇಲೆ ಭಾರ ಇಟ್ಟುಕೊಳ್ಳಿ ಅಂದರೆ, ಇವರು ಮುಂದಿನ ಕಾಲಿನ ಮೇಲೆ ಭಾರ ಹಾಕಿ ಹೊಡೆಯುತ್ತಿದ್ದರು. ಡಗ್‌ಔಟ್‌ನಲ್ಲಿ ಕೂತಾಗ ಟೋಪಿಯನ್ನು ಮುಖಕ್ಕೆ ಅಡ್ಡ ಹಿಡಿದು ಅದರಲ್ಲಿರುವ ಗಾಳಿ ತೂತಿನಿಂದ ಪಿಚರ್‌ನನ್ನು, ಅಂದರೆ ಚೆಂಡು ಎಸೆಯುವವನನ್ನು, ನೋಡುತ್ತಾ ಇರುತ್ತಿದ್ದರಂತೆ. ಸುತ್ತಲಿನದ್ದು ಏನೂ ಕಾಣಬಾರದು, ಚೆಂಡು ಬಿಡುವ ಕೈ ಮಾತ್ರ ಕಾಣಬೇಕು. ನೋಡಿದವರು ನಿದ್ದೆ ಮಾಡ್ತಿದ್ದಾರೆ ಅಂದುಕೊಳ್ಳುತ್ತಿದ್ದರು.

ನಿಮಗೆ ಏನನ್ನಿಸುತ್ತದೆ ಹೇಳಿ.

ಹೊಸಬ

ಸರ್, ನನಗೆ ಗೊತ್ತಿರೋದು ಕ್ರಿಕೆಟ್ ಮಾತ್ರ. ಹೋಮ್ ರನ್ ಅಂದ್ರೆ ನಮ್ಮ ಸಿಕ್ಸರ್ ತಾನೇ? 23 ವರ್ಷ ಆಡಿ 755 ಸಿಕ್ಸರ್ ಅಂದ್ರೆ ಅದರಲ್ಲಿ ಏನು ದೊಡ್ಡದು? ಬೇಜಾರು ಮಾಡ್ಕೋಬೇಡಿ, ನಿಜವಾಗಲೂ ಗೊತ್ತಿಲ್ಲದೆ ಕೇಳ್ತಿದ್ದೇನೆ.

ಲೆಕ್ಕದ ಮೇಷ್ಟ್ರು

ಒಳ್ಳೆ ಪ್ರಶ್ನೆ, ಬೇಜಾರು ಯಾಕೆ. ಚೆಂಡನ್ನು ಬೇಲಿ ದಾಟಿಸೋದೇ ಹೋಮ್ ರನ್, ಸಿಕ್ಸರ್ ಥರಾನೇ. ಆದರೆ ಅದು ಅಷ್ಟು ಸುಲಭ ಅಲ್ಲ.

ಕ್ರಿಕೆಟ್‌ನಲ್ಲಿ ಔಟ್ ಆಗೋವರೆಗೆ ಆಡಬಹುದು, ಸುತ್ತ ಯಾವ ಕಡೆಗಾದರೂ ಹೊಡೆಯಬಹುದು. ಇಲ್ಲಿ ಒಂದು ಪಂದ್ಯಕ್ಕೆ ನಾಲ್ಕೋ ಐದೋ ಸಲ ಬ್ಯಾಟ್ ಹಿಡಿಯಲು ಸಿಗುತ್ತದೆ. ಚೆಂಡು ಮುಂದಿನ ಕಾಲುಭಾಗದ ಒಳಗೇ ಹೋಗಬೇಕು, ಗೆರೆಯ ಆಚೆ ಹೋದರೆ ಫೌಲ್. ಬ್ಯಾಟು ದುಂಡು, ಚೆಂಡೂ ದುಂಡು. ಪಿಚರ್ ನಿಲ್ಲೋದು ಸುಮಾರು 18.4 ಮೀಟರ್ ದೂರದಲ್ಲಿ, ಅಂದರೆ ನಮ್ಮ 22 ಗಜದ ಪಿಚ್‌ಗಿಂತ ಹತ್ತಿರ. ಚೆಂಡು ನೆಲಕ್ಕೆ ಬೀಳದೆ ನೇರ ಬರುತ್ತದೆ. ವೇಗದ ಎಸೆತ ಅರ್ಧ ಸೆಕೆಂಡೂ ತಗೊಳ್ಳೋದಿಲ್ಲ. ನಾಲ್ಕು ಬೇಸ್ ಸುತ್ತಿ ಬಂದರೆ ಒಂದು ರನ್. ಹತ್ತು ಸಲದಲ್ಲಿ ಮೂರು ಸಲ ಸರಿಯಾಗಿ ಹೊಡೆದು ಬೇಸ್ ಮುಟ್ಟಿದರೆ ಅವನು ದೊಡ್ಡ ಬ್ಯಾಟರ್. ಏಳು ಸಲ ಸೋಲೋದೇ ಇಲ್ಲಿನ ನಿಯಮ.

ಆರನ್ ಲೆಕ್ಕಕ್ಕೆ ಬಂದ ಸರದಿಗಳು 12,364. ಸರಾಸರಿ .305, ಅಂದರೆ ಸಾವಿರ ಸರದಿಗೆ 305 ಹಿಟ್. ಸುಮಾರು 16 ಸರದಿಗೆ ಒಂದು ಹೋಮ್ ರನ್. ಹೀಗೆ 3,298 ಪಂದ್ಯ.

ಜೋರಾಗಿ ಬೀಸುವವರು ಸಾಮಾನ್ಯವಾಗಿ ಜಾಸ್ತಿ ಸ್ಟ್ರೈಕ್‌ಔಟ್ ಆಗುತ್ತಾರೆ, ಅಂದರೆ ಮೂರು ಸಲ ಚೆಂಡು ತಪ್ಪಿಸಿಕೊಂಡು ಔಟ್. ಈಗಿನ ಹೋಮ್ ರನ್ ಹೀರೋಗಳು ಸೀಸನ್‌ಗೆ 150, 180 ಸಲ ಹಾಗೆ ಔಟ್ ಆಗುವುದು ಮಾಮೂಲಿ. ಆರನ್ 23 ಸೀಸನ್‌ನಲ್ಲಿ ಒಂದು ಸಲವೂ 100 ಮುಟ್ಟಿಲ್ಲ. ನನಗೆ 755ಕ್ಕಿಂತ ಹೆಚ್ಚು ಬೆರಗು ಹುಟ್ಟಿಸೋದು ಇದು.

ಮಲೆನಾಡ ಗಾಳಿ

ಮೇಷ್ಟ್ರು ಟೋಟಲ್ ಬೇಸಸ್ ಬಿಟ್ಟರು. ಹೊಡೆದು ಒಂದು ಬೇಸ್ ತಲುಪಿದರೆ ಸಿಂಗಲ್, ಅದಕ್ಕೆ ಒಂದು, ಡಬಲ್‌ಗೆ ಎರಡು, ಟ್ರಿಪಲ್‌ಗೆ ಮೂರು, ಹೋಮ್ ರನ್‌ಗೆ ನಾಲ್ಕು. ಹೀಗೆ ಕೂಡಿಸಿದರೆ ಆರನ್‌ದು 6,856. ಇವತ್ತಿಗೂ ಅದೇ ದಾಖಲೆ. ಎರಡನೆಯವರು ಆಲ್ಬರ್ಟ್ ಪೂಹೋಲ್ಸ್, 6,211. ನಡುವೆ 645 ಬೇಸ್ ಅಂತರ. ಒಂದು ಬೇಸ್‌ನಿಂದ ಇನ್ನೊಂದಕ್ಕೆ 90 ಅಡಿ. ಆ ಅಂತರವನ್ನು ಓಡಿ ತೀರಿಸಬೇಕಂದರೆ 17 ಕಿಲೋಮೀಟರ್‌ಗಿಂತ ಜಾಸ್ತಿ ಓಡಬೇಕು! ಆರ್‌ಬಿಐ, ಅಂದರೆ ಅವರ ಹೊಡೆತದಿಂದ ತಂಡಕ್ಕೆ ಬಂದ ರನ್, 2,297. ಅದೂ ದಾಖಲೆಯೇ.

ಹೋಮ್ ರನ್ ದಾಖಲೆ ಹೋಯಿತು ಅಂತ ಅಳುವವರಿಗೆ ಇವೆರಡು ಯಾಕೆ ನೆನಪಾಗೋದಿಲ್ಲವೋ.

ದಾವಣಗೆರೆ ಬೆಣ್ಣೆ

ಎಲ್ಲ ಸರಿ ಗುರು, ಆದರೆ ಸ್ವಲ್ಪ ಉಲ್ಟಾ ಮಾತಾಡ್ತೀನಿ. ರೂತ್ 714 ಹೊಡೆದದ್ದು 8,399 ಸರದಿಯಲ್ಲಿ. ಆರನ್‌ಗೆ ಅದಕ್ಕಿಂತ ಸುಮಾರು 4,000 ಸರದಿ ಜಾಸ್ತಿ ಸಿಕ್ಕಿದೆ. ರೂತ್ 12 ಸರದಿಗೆ ಒಂದು ಹೊಡೆದಿದ್ದಾನೆ, ಆರನ್ 16ಕ್ಕೆ ಒಂದು. ಅದರ ಮೇಲೆ ರೂತ್ ಮೊದಲ ಕೆಲವು ವರ್ಷ ಪಿಚರ್ ಆಗಿದ್ದವನು, ಆಗ ಬ್ಯಾಟ್ ಮಾಡೋಕೆ ಸಿಕ್ಕಿದ್ದೇ ಕಮ್ಮಿ. ಶುದ್ಧ ಹೊಡೆತದ ಬಲ ಅಂತ ನೋಡಿದರೆ ರೂತ್ ಮುಂದೆ ಆರನ್ ನಿಲ್ಲಲ್ಲ. ಇನ್ನು ಆರನ್ ತಂಡ ಬ್ರೇವ್ಸ್ ಆಮೇಲೆ ಹೋಗಿ ಸೇರಿದ ಅಟ್ಲಾಂಟಾ ಸ್ಟೇಡಿಯಂಗೆ ಆಗ ಲಾಂಚಿಂಗ್ ಪ್ಯಾಡ್ ಅಂತ ಅಡ್ಡಹೆಸರೇ ಇತ್ತು. ಎತ್ತರದ ಜಾಗ, ಚೆಂಡು ತೇಲಿಕೊಂಡು ಹೋಗುತ್ತೆ. 32 ವಯಸ್ಸಾದ ಮೇಲೆ ಅಂಥ ಮೈದಾನ ಸಿಕ್ಕಿದ್ದು ಲಾಟರಿ.

ಲೆಕ್ಕದ ಮೇಷ್ಟ್ರು

ಬೆಣ್ಣೆ ಅವರೇ, ಸರದಿಯ ಲೆಕ್ಕ ನಿಜ. ರೂತ್ ತನ್ನ ಕಾಲದಲ್ಲಿ ಉಳಿದವರಿಗಿಂತ ಎಷ್ಟು ಮುಂದಿದ್ದ ಅನ್ನೋದನ್ನು ಅಳೆದರೆ ಅವನ ಹತ್ತಿರ ಯಾರೂ ಬರೋದಿಲ್ಲ. ಅದನ್ನು ಒಪ್ಪೋಣ.

ಮೈದಾನದ ಮಾತು ಮಾತ್ರ ನಿಲ್ಲೋದಿಲ್ಲ. ಆರನ್ ತವರಿನಲ್ಲಿ ಹೊಡೆದದ್ದು 385, ಹೊರಗೆ 370. ಇಷ್ಟು ಸಮ ಇರೋದೇ ಅಪರೂಪ. ಅಟ್ಲಾಂಟಾಕ್ಕೆ ಹೋಗುವ ಮೊದಲೇ, ಬ್ರೇವ್ಸ್ ತಂಡ ಮಿಲ್ವಾಕೀಯಲ್ಲಿದ್ದಾಗಲೇ 398 ಹೊಡೆದಾಗಿತ್ತು. ಮಿಲ್ವಾಕೀ ಮೈದಾನ ಬ್ಯಾಟರ್‌ಗಳಿಗೆ ಸುಲಭದ್ದೇನೂ ಅಲ್ಲ. ಅಲ್ಲಿ ಕಳಕೊಂಡದ್ದನ್ನು ಅಟ್ಲಾಂಟಾದಲ್ಲಿ ಪಡೆದರು ಅಷ್ಟೇ.

ಇನ್ನು ರೂತ್ ಎದುರಿಸಿದ ಪಿಚರ್‌ಗಳು ಯಾರು? ಬಿಳಿಯರು ಮಾತ್ರ. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಮೈದಾನಕ್ಕೆ ಇಳಿಯೋವರೆಗೆ ಕಪ್ಪು ಆಟಗಾರರಿಗೆ ಆ ಲೀಗ್‌ನಲ್ಲಿ ಜಾಗವೇ ಇರಲಿಲ್ಲ. ಸ್ಯಾಚೆಲ್ ಪೇಜ್‌ನಂಥ ಪಿಚರ್ ಅದೇ ಕಾಲದಲ್ಲಿ ಬೇರೆ ಲೀಗ್‌ನಲ್ಲಿ ಆಡುತ್ತಿದ್ದ. ಇದು ರೂತ್ ತಪ್ಪಲ್ಲ. ಆದರೆ ಹೋಲಿಸುವಾಗ ಇದನ್ನು ಬಿಟ್ಟು ಹೋಲಿಸಬಾರದು. ಆರನ್ ಎದುರಿಸಿದವರಲ್ಲಿ ಬಾಬ್ ಗಿಬ್ಸನ್, ಸ್ಯಾಂಡಿ ಕೌಫ್ಯಾಕ್ಸ್, ಹ್ವಾನ್ ಮರಿಷಲ್, ಡಾನ್ ಡ್ರೈಸ್‌ಡೇಲ್ ಇದ್ದರು. 1960ರ ದಶಕ ಪಿಚರ್‌ಗಳ ಕಾಲ. ಬ್ಯಾಟರ್‌ಗಳ ಕಥೆ ಎಷ್ಟು ಕೆಟ್ಟಿತ್ತಂದರೆ 1968ರ ಸೀಸನ್ ಮುಗಿದ ಮೇಲೆ ಪಿಚರ್ ನಿಲ್ಲುವ ದಿಬ್ಬವನ್ನೇ ಐದು ಇಂಚು ತಗ್ಗಿಸಿದರು.

ದಾವಣಗೆರೆ ಬೆಣ್ಣೆ

ತವರು-ಹೊರಗಿನ ಲೆಕ್ಕ ನೋಡಿರಲಿಲ್ಲ. ಮೈದಾನದ ವಾದ ವಾಪಸ್. ರೂತ್ ವಾದ ಇನ್ನೂ ನನ್ನ ಹತ್ರಾನೇ ಇದೆ 😄

ರಾತ್ರಿಪಾಳಿ

ಸ್ಯಾಚೆಲ್ ಪೇಜ್ ಹೆಸರು ಬಂತಲ್ಲ, ಆತನ ಊರೂ ಆರನ್ ಊರೂ ಒಂದೇ. ಅಲಬಾಮಾದ ಮೊಬೀಲ್. ವಿಲಿ ಮೆಕೋವಿ, ಬಿಲ್ಲಿ ವಿಲಿಯಮ್ಸ್ ಕೂಡ ಅಲ್ಲಿಯವರೇ. ಆ ಊರಿನ ನೀರಿನಲ್ಲಿ ಏನಿತ್ತೋ.

ಆರನ್ ಹುಟ್ಟಿದ್ದು 1934ರ ಫೆಬ್ರವರಿ 5ರಂದು, ಎಂಟು ಮಕ್ಕಳ ಮನೆಯಲ್ಲಿ. ಬ್ಯಾಟು ಚೆಂಡು ಕೊಳ್ಳಲು ಕಾಸಿಲ್ಲ. ಕೋಲಿನಿಂದ ಬಾಟಲಿ ಮುಚ್ಚಳಗಳನ್ನು ಹೊಡೆದು ಕಲಿತವರು. ಬಾಟಲಿ ಮುಚ್ಚಳ ಗಾಳಿಯಲ್ಲಿ ಹೇಗೆ ಬೇಕೋ ಹಾಗೆ ತಿರುಗುತ್ತದೆ, ಕೊನೇವರೆಗೂ ಕಣ್ಣು ಕೀಳುವಂತಿಲ್ಲ. ಆ ಮಣಿಕಟ್ಟು ಅಲ್ಲೇ ಪಳಗಿದ್ದು ಅಂತ ನನಗೆ ಅನ್ನಿಸುತ್ತದೆ.

ಹೇಳಿಕೊಡುವವರು ಯಾರೂ ಇಲ್ಲದ್ದರಿಂದ ಬ್ಯಾಟ್ ಹಿಡಿಯೋದನ್ನೇ ಉಲ್ಟಾ ಕಲಿತಿದ್ದರು. ಬಲಗೈ ಬ್ಯಾಟರ್ ಬಲಗೈ ಮೇಲೆ, ಎಡಗೈ ಕೆಳಗೆ ಹಿಡಿಯಬೇಕು. ಇವರದ್ದು ಎಡಗೈ ಮೇಲೆ. ಹಾಗೆ ಹಿಡಿದು ಬೀಸಿ ನೋಡಿ, ಮುಂಗೈಗಳು ಒಂದಕ್ಕೊಂದು ಅಡ್ಡ ಬರುತ್ತವೆ. ಹಾಗೇ ಹಿಡಿದು ಕಪ್ಪು ಆಟಗಾರರ ನೀಗ್ರೋ ಲೀಗ್ ತಂಡವೊಂದಕ್ಕೆ ಆಯ್ಕೆಯಾಗುವಷ್ಟು ಹೊಡೆಯುತ್ತಿದ್ದರು. ಸರಿಮಾಡಿಕೊಂಡದ್ದು ವೃತ್ತಿ ಆಟಕ್ಕೆ ಬಂದ ಮೇಲೆ.

ಆ ತಂಡ ಇಂಡಿಯಾನಾಪೊಲಿಸ್ ಕ್ಲೌನ್ಸ್. 1952, ತಿಂಗಳಿಗೆ 200 ಡಾಲರ್ ಸಂಬಳ, 18 ವರ್ಷದ ಹುಡುಗ. ವಾಷಿಂಗ್ಟನ್‌ಗೆ ಆಡಲು ಹೋದಾಗ ತಂಡದವರೆಲ್ಲ ಒಂದು ಹೋಟೆಲ್‌ನಲ್ಲಿ ತಿಂಡಿ ತಿಂದರು. ತಿಂದು ಮುಗಿಯುವ ಹೊತ್ತಿಗೆ ಅಡುಗೆಮನೆಯಿಂದ ತಟ್ಟೆಗಳನ್ನು ಒಡೆಯುವ ಸದ್ದು. ಇವರು ತಿಂದ ತಟ್ಟೆಗಳು. ನಾಯಿ ತಿಂದ ತಟ್ಟೆಯಾಗಿದ್ದರೆ ತೊಳೆದು ಇಟ್ಟುಕೊಳ್ಳುತ್ತಿದ್ದರು ಅಂತ ಆರನ್ ಆಮೇಲೆ ನೆನೆಸಿಕೊಂಡಿದ್ದಾರೆ. ದೇಶದ ರಾಜಧಾನಿಯಲ್ಲಿ ನಡೆದ ಮಾತು ಇದು, ಯಾವುದೋ ಕುಗ್ರಾಮದಲ್ಲಲ್ಲ.

ಅದೇ ವರ್ಷ ಎರಡು ಕಡೆಯಿಂದ ಕರೆ ಬಂತು, ನ್ಯೂಯಾರ್ಕ್ ಜೈಂಟ್ಸ್ ಮತ್ತು ಬೋಸ್ಟನ್ ಬ್ರೇವ್ಸ್. ಬ್ರೇವ್ಸ್ ತಿಂಗಳಿಗೆ 50 ಡಾಲರ್ ಜಾಸ್ತಿ ಕೊಡ್ತೀವಿ ಅಂದರು. ಅಲ್ಲಿಗೆ ಹೋದರು. ಜೈಂಟ್ಸ್‌ನಲ್ಲಿ ಆಗ ಇದ್ದದ್ದು ಯಾರು ಗೊತ್ತಲ್ಲ, ಆ ಕಾಲದ ಇನ್ನೊಬ್ಬ ದಿಗ್ಗಜ ವಿಲಿ ಮೇಸ್. ಮೇಸ್ ಮತ್ತು ಆರನ್ ಒಂದೇ ತಂಡದಲ್ಲಿ! ಬರೀ 50 ಡಾಲರ್‌ನಲ್ಲಿ ತಪ್ಪಿಹೋಯಿತು.

ಮಲೆನಾಡ ಗಾಳಿ

1953ರ ಜಾಕ್ಸನ್‌ವಿಲ್ ಕಥೆಯನ್ನೂ ಸೇರಿಸಿ. ಮೇಜರ್ ಲೀಗ್‌ಗಿಂತ ಕೆಳಗಿನ, ದಕ್ಷಿಣದ ಸ್ಯಾಲಿ ಲೀಗ್‌ಗೆ ಮೊದಲು ಕಾಲಿಟ್ಟ ಕಪ್ಪು ಆಟಗಾರರಲ್ಲಿ ಇವರೊಬ್ಬರು. .362 ಸರಾಸರಿ, 125 ಆರ್‌ಬಿಐ, ಲೀಗ್‌ನ ಅತ್ಯುತ್ತಮ ಆಟಗಾರ. ತಂಡದ ಬಿಳಿಯರು ಹೋಟೆಲ್‌ನಲ್ಲಿ ಉಳಿದರೆ ಇವರಿಗೆ ಕಪ್ಪು ಜನರ ಕೇರಿಯಲ್ಲಿ ಯಾರದ್ದೋ ಮನೆ. ಊಟ ಬಸ್ಸಿಗೇ ಬರಬೇಕು. ಆರನ್ ಈ ಲೀಗ್‌ನಲ್ಲಿ ಎಲ್ಲದರಲ್ಲೂ ಮೊದಲು, ಹೋಟೆಲ್ ಕೋಣೆ ಒಂದನ್ನು ಬಿಟ್ಟು, ಅಂತ ಆಗಿನ ಒಬ್ಬ ಪತ್ರಕರ್ತ ಬರೆದನಂತೆ.

ಹೊಸಬ

ಮೇಜರ್ ಲೀಗ್‌ಗೆ ಹೇಗೆ ಬಂದ್ರು ಹಾಗಾದ್ರೆ?

ರಾತ್ರಿಪಾಳಿ

ಇನ್ನೊಬ್ಬರ ಕಾಲು ಮುರಿದದ್ದರಿಂದ. 1954ರ ಮಾರ್ಚ್‌ನಲ್ಲಿ ಅಭ್ಯಾಸ ಪಂದ್ಯ ನಡೆಯುವಾಗ ಬ್ರೇವ್ಸ್‌ನ ಬಾಬಿ ಥಾಮ್ಸನ್ ಬೇಸ್‌ಗೆ ಜಾರುವಾಗ ಪಾದದ ಗಂಟು ಮುರಿದುಕೊಂಡ. ಲೆಫ್ಟ್ ಫೀಲ್ಡ್, ಅಂದರೆ ಎಡಬದಿಯ ಫೀಲ್ಡರ್ ಜಾಗ, ಖಾಲಿಯಾಯಿತು. ತಂಡ ಅಷ್ಟರಲ್ಲಿ ಬೋಸ್ಟನ್ ಬಿಟ್ಟು ಮಿಲ್ವಾಕೀಗೆ ಬಂದಿತ್ತು. ಏಪ್ರಿಲ್ 13ರಂದು ಮೊದಲ ಪಂದ್ಯ, ಐದು ಸರದಿಯಲ್ಲಿ ಒಂದೂ ಹಿಟ್ ಇಲ್ಲ. ಏಪ್ರಿಲ್ 23ಕ್ಕೆ ಸೇಂಟ್ ಲೂಯಿಯ ವಿಕ್ ರಾಶಿ ಎಸೆತಕ್ಕೆ ಮೊದಲ ಹೋಮ್ ರನ್. ಸೆಪ್ಟೆಂಬರ್‌ನಲ್ಲಿ ಇವರದ್ದೂ ಪಾದದ ಗಂಟು ಮುರಿಯಿತು! ಆ ವರ್ಷ 13 ಹೋಮ್ ರನ್. 1956ಕ್ಕೆ .328 ಸರಾಸರಿಯಲ್ಲಿ ನ್ಯಾಷನಲ್ ಲೀಗ್‌ನ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಬ್ಯಾಟಿಂಗ್ ಪಟ್ಟ.

ನನ್ನ ಪ್ರಕಾರ ಇವರ ಅತಿ ದೊಡ್ಡ ಹೋಮ್ ರನ್, ರೂತ್ ದಾಖಲೆ ಮುರಿದ 715ನೆಯದಲ್ಲ. 1957ರ ಸೆಪ್ಟೆಂಬರ್ 23ರ ರಾತ್ರಿ ಮಿಲ್ವಾಕೀಯಲ್ಲಿ ಕಾರ್ಡಿನಲ್ಸ್ ವಿರುದ್ಧ ಹೊಡೆದದ್ದು. ಒಂಬತ್ತು ಇನಿಂಗ್ಸ್‌ನಲ್ಲಿ ಮುಗಿಯದೆ ಪಂದ್ಯ 11ನೆಯದಕ್ಕೆ ಎಳೆದಿತ್ತು. ಬಿಲ್ಲಿ ಮಫೆಟ್ ಎಸೆದ ಚೆಂಡು ಸೆಂಟರ್ ಫೀಲ್ಡ್ ಬೇಲಿಯ ಆಚೆ. ಪಂದ್ಯವೂ ಗೆದ್ದಿತು, ಲೀಗ್ ಪಟ್ಟವೂ ಕೈಗೆ ಬಂತು. ಜೊತೆಗಾರರು ಹೆಗಲ ಮೇಲೆ ಹೊತ್ತುಕೊಂಡು ಹೋದ ಫೋಟೋ ಇದೆ, ಮುಖದಲ್ಲಿ ಪೂರ್ತಿ ನಗು. 1974ರ ಫೋಟೋಗಳಲ್ಲಿ ಆ ನಗು ಹುಡುಕಿ, ಸಿಗೋದಿಲ್ಲ. ಆಮೇಲೆ ಸೀಸನ್‌ನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಯಾಂಕೀಸ್‌ ವಿರುದ್ಧ ಏಳು ಪಂದ್ಯಗಳಲ್ಲಿ .393, ಮೂರು ಹೋಮ್ ರನ್. ಬ್ರೇವ್ಸ್ ಗೆದ್ದಿತು. ಆ ವರ್ಷ ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಎಂವಿಪಿ ಪ್ರಶಸ್ತಿಯೂ ಇವರಿಗೇ. ಅಷ್ಟು ವರ್ಷದ ಆಟದಲ್ಲಿ ಸಿಕ್ಕಿದ್ದು ಆ ಒಂದೇ ಎಂವಿಪಿ, ನಂಬ್ತೀರಾ?

ಅಟ್ಲಾಂಟಾ ವಾಸಿ

ತಡವಾಗಿ ಬಂದೆ. ಒಳ್ಳೆ ಚರ್ಚೆ. ನಾನು ಇಲ್ಲಿಗೆ ಬಂದದ್ದು ಆರನ್ ಆಟ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ. ಆದರೆ ಈ ಊರಿನ ಹಳಬರ ಹತ್ತಿರ 1973ರ ಮಾತು ತೆಗೆದರೆ ಇಂದಿಗೂ ದನಿ ಸ್ವಲ್ಪ ತಗ್ಗುತ್ತದೆ.

ಆ ಸೀಸನ್ ಶುರುವಾದಾಗ ಆರನ್ ಬಳಿ 673 ಇತ್ತು. 39 ವರ್ಷ ವಯಸ್ಸು. ಇನ್ನು ಎರಡು ವರ್ಷ ಬೇಕು ಅಂದುಕೊಂಡವರೇ ಜಾಸ್ತಿ. 392 ಸರದಿಯಲ್ಲಿ 40 ಹೊಡೆದು 713ಕ್ಕೆ ಬಂದು ನಿಂತರು. ರೂತ್‌ಗಿಂತ ಒಂದು ಕಡಿಮೆ. ಸೀಸನ್ ಮುಗಿದೇ ಹೋಯಿತು. ಆ ಒಂದನ್ನು ಹೊತ್ತುಕೊಂಡು ಇಡೀ ಚಳಿಗಾಲ ಕಳೆಯಬೇಕು.

ಆ ವರ್ಷ ಅವರಿಗೆ ಬಂದ ಪತ್ರಗಳು ಸುಮಾರು 9,30,000. ರಾಜಕಾರಣಿಯಲ್ಲದ ಯಾರಿಗೂ ಅಷ್ಟು ಪತ್ರ ಬಂದಿಲ್ಲ ಅಂತ ಅಂಚೆ ಇಲಾಖೆಯವರು ಫಲಕವನ್ನೇ ಕೊಟ್ಟರು. ಹೆಚ್ಚಿನವು ಒಳ್ಳೆಯ ಮಾತಿನವೇ. ಆದರೆ ಸಾವಿರಾರು ಪತ್ರಗಳಲ್ಲಿ ಬರೀ ಬೈಗುಳ. ರೂತ್ ದಾಖಲೆ ಮುರಿದರೆ ಕೊಲ್ಲುತ್ತೇವೆ, ಇಂಥ ದಿನ ಇಂಥ ಮೈದಾನದಲ್ಲಿ ಗುಂಡು ಹಾರಿಸುತ್ತೇವೆ ಅಂತ ಬರೆದವರಿದ್ದರು. ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮಗಳನ್ನೂ ಬಿಡಲಿಲ್ಲ, ಎಫ್‌ಬಿಐ ಕಾವಲು ಹಾಕಬೇಕಾಯಿತು. ಆರನ್ ತಂಡದವರ ಜೊತೆ ಉಳಿಯದೆ ಬೇರೆ ಕಡೆ ಉಳಿಯುತ್ತಿದ್ದರು. ಮೈದಾನದಿಂದ ಹಿಂಬಾಗಿಲಿನಲ್ಲಿ ಹೊರಡುತ್ತಿದ್ದರು. ಅಟ್ಲಾಂಟಾ ಪೊಲೀಸ್‌ನ ಕ್ಯಾಲ್ವಿನ್ ವಾರ್ಡ್‌ಲಾ ಅವರ ಅಂಗರಕ್ಷಕ. ಪ್ರೇಕ್ಷಕರ ನಡುವೆ ಕೂತಿರುತ್ತಿದ್ದರು, ಕೈಯಲ್ಲಿ ದುರ್ಬೀನಿನ ಪೆಟ್ಟಿಗೆ. ಒಳಗೆ ದುರ್ಬೀನು ಇರಲಿಲ್ಲ, ರಿವಾಲ್ವರ್ ಇತ್ತು.

ಆ ಕೆಟ್ಟ ಪತ್ರಗಳನ್ನು ಆರನ್ ಎಸೆಯಲಿಲ್ಲ. ಸಾಯುವವರೆಗೂ ಇಟ್ಟುಕೊಂಡಿದ್ದರು.

ಹೊಸಬ

ಒಂದು ಆಟದ ದಾಖಲೆಗೆ ಇಷ್ಟಾ?

ಅಟ್ಲಾಂಟಾ ವಾಸಿ

ಆಟದ ದಾಖಲೆ ಅಂತ ಅವರು ನೋಡಲೇ ಇಲ್ಲವಲ್ಲ. ಬಿಳಿ ದೇವರೊಬ್ಬನ ಜಾಗಕ್ಕೆ ಕಪ್ಪು ಮನುಷ್ಯ ಬರ್ತಿದ್ದಾನೆ ಅಂತ ನೋಡಿದರು.

1974ಕ್ಕೆ ಬರೋಣ. ಸೀಸನ್ ಸಿನ್ಸಿನಾಟಿಯಲ್ಲಿ ಶುರು. ಅಟ್ಲಾಂಟಾದ ಆಡಳಿತದವರಿಗೆ ದಾಖಲೆ ತವರಿನಲ್ಲೇ ಆಗಬೇಕು, ಟಿಕೆಟ್ ಮಾರಾಟವಾಗಬೇಕು. ಅಲ್ಲಿನ ಮೂರೂ ಪಂದ್ಯಕ್ಕೆ ಆರನ್‌ರನ್ನು ಕೂರಿಸುವ ಯೋಚನೆ. ಮೇಜರ್ ಲೀಗ್‌ನ ಕಮಿಷನರ್ ಬೋವಿ ಕ್ಯೂನ್ ಕನಿಷ್ಠ ಎರಡು ಆಡಲೇಬೇಕು ಅಂತ ಆದೇಶ ಮಾಡಿದರು. ಏಪ್ರಿಲ್ 4, ಆರು ವರ್ಷದ ಹಿಂದೆ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ದಿನ. ಪಂದ್ಯಕ್ಕೆ ಮೊದಲು ಮೌನಾಚರಣೆ ಮಾಡಿ ಅಂತ ಆರನ್ ಕೇಳಿಕೊಂಡರು. ಆಗಲ್ಲ ಅಂದರು. ಆಮೇಲೆ ಬ್ಯಾಟ್ ಹಿಡಿದು ಆ ಸೀಸನ್‌ನಲ್ಲಿ ಮೊಟ್ಟಮೊದಲು ಬೀಸಿದ ಬೀಸಿಗೇ ಜಾಕ್ ಬಿಲ್ಲಿಂಗ್‌ಹ್ಯಾಮ್ ಚೆಂಡನ್ನು ಬೇಲಿ ದಾಟಿಸಿದರು. 714. ಇದಕ್ಕಿಂತ ಚೆನ್ನಾದ ಉತ್ತರ ನನಗಂತೂ ಗೊತ್ತಿಲ್ಲ.

ಏಪ್ರಿಲ್ 8, ಸೋಮವಾರ, ಅಟ್ಲಾಂಟಾ. 53,775 ಜನ. ಮೋಡ, ಆಗಾಗ ಹನಿ. ಡಾಡ್ಜರ್ಸ್ ಪಿಚರ್ ಅಲ್ ಡೌನಿಂಗ್, ಅವನ ಬೆನ್ನ ಮೇಲೂ 44. ಎರಡನೇ ಇನಿಂಗ್ಸ್‌ನಲ್ಲಿ ಆರನ್‌ಗೆ ಬ್ಯಾಟ್ ಬೀಸುವ ಎಸೆತವೇ ಸಿಗಲಿಲ್ಲ, ಡೌನಿಂಗ್ ವಾಕ್ ಕೊಟ್ಟ, ಅಂದರೆ ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಮೊದಲ ಬೇಸ್. ಜನ ಕೂಗಿ ಬೈದರು. ಆರನ್ ಅಲ್ಲಿಂದ ಓಡಿ ರನ್ ಗಳಿಸಿ ನ್ಯಾಷನಲ್ ಲೀಗ್‌ನ ರನ್ ದಾಖಲೆಯಲ್ಲಿ ವಿಲಿ ಮೇಸ್‌ರನ್ನು ದಾಟಿದರು. ಅದನ್ನು ಗಮನಿಸಿದವರು ಎಷ್ಟು ಜನವೋ!

ನಾಲ್ಕನೇ ಇನಿಂಗ್ಸ್, ರಾತ್ರಿ 9:07. ಮೊದಲ ಎಸೆತ ತೀರಾ ಕೆಳಗೆ, ಬಿಟ್ಟರು. ಎರಡನೆಯದಕ್ಕೆ ಬೀಸಿದರು. ಗಮನಿಸಿ, ಆ ರಾತ್ರಿ ಅವರು ಬೀಸಿದ್ದೇ ಅದು ಮೊದಲು. ಸಿನ್ಸಿನಾಟಿಯಲ್ಲೂ ಮೊದಲ ಬೀಸು, ಇಲ್ಲೂ ಮೊದಲ ಬೀಸು. ಲೆಫ್ಟ್ ಫೀಲ್ಡ್‌ನ ಬಿಲ್ ಬಕ್ನರ್ ಬೇಲಿ ಹತ್ತಿ ಕೈ ಚಾಚಿದ, ಚೆಂಡು ದಾಟಿಹೋಯಿತು. ಆಚೆ ಬ್ರೇವ್ಸ್ ಬುಲ್‌ಪೆನ್‌ನಲ್ಲಿ, ಅಂದರೆ ಬದಲಿ ಪಿಚರ್‌ಗಳು ಕಾಯುವ ಜಾಗದಲ್ಲಿ, ಇದ್ದ ಟಾಮ್ ಹೌಸ್ ಹಿಡಿದು, ಅದನ್ನು ಕೊಡಲು ಮೈದಾನದುದ್ದಕ್ಕೂ ಓಡಿಬಂದ.

ಆರನ್ ಎರಡನೇ ಬೇಸ್ ದಾಟುವಾಗ ಇಬ್ಬರು ಬಿಳಿ ಹುಡುಗರು ಪ್ರೇಕ್ಷಕರ ಕಡೆಯಿಂದ ಹಾರಿ ಬಂದು ಹಿಂದಿನಿಂದ ಹಿಡಿದುಕೊಂಡರು. ವರ್ಷವಿಡೀ ಕೊಲೆ ಬೆದರಿಕೆ ಕೇಳಿದ ಮನುಷ್ಯನ ಹಿಂದೆ ಯಾರೋ ಇಬ್ಬರು ಓಡಿ ಬಂದರೆ ಹೇಗಿರಬೇಡ. ವಾರ್ಡ್‌ಲಾ ಕೈ ಆ ಪೆಟ್ಟಿಗೆ ಮೇಲಿತ್ತು. ಹುಡುಗರು ಬೆನ್ನು ತಟ್ಟುತ್ತಿದ್ದಾರೆ ಅನ್ನೋದು ಕಾಣಿಸಿ ತಡೆದುಕೊಂಡರು. ಬ್ಯಾಟ್ ಹಿಡಿದು ನಿಲ್ಲುವ ಹೋಮ್ ಪ್ಲೇಟ್ ಹತ್ತಿರ ತಾಯಿ ಎಸ್ಟೆಲ್ಲಾ ಬಂದು ಎಷ್ಟು ಬಿಗಿಯಾಗಿ ಅಪ್ಪಿಕೊಂಡರಂದರೆ, ಅಮ್ಮನಿಗೆ ಇಷ್ಟು ಬಲ ಇದೆ ಅಂತ ಗೊತ್ತೇ ಇರಲಿಲ್ಲ ಅಂತ ಆರನ್ ಆಮೇಲೆ ಹೇಳಿದರು. ಮೈಕಿನ ಮುಂದೆ ನಿಂತಾಗ ಅಂದದ್ದು, ದೇವರ ದಯೆ, ಇದು ಮುಗಿಯಿತಲ್ಲ ಅಂತ.

ಕಮಿಷನರ್ ಕ್ಯೂನ್ ಬಂದಿರಲಿಲ್ಲ. ಕ್ಲೀವ್‌ಲ್ಯಾಂಡ್‌ನಲ್ಲಿ ಬೇರೆ ಕಾರ್ಯಕ್ರಮಕ್ಕೆ ಹೋಗಿದ್ದರು. ಅವರ ಬದಲು ಬಂದ ಮಾಂಟಿ ಇರ್ವಿನ್, ಕ್ಯೂನ್ ಹೆಸರು ಎತ್ತಿದ ಕೂಡಲೇ ಇಡೀ ಮೈದಾನ ಕೂಗಾಡಿತು.

ದಾವಣಗೆರೆ ಬೆಣ್ಣೆ

ಸರ್, ಈ ಕಥೆ ಗೊತ್ತಿತ್ತು, ಪೆಟ್ಟಿಗೆ ವಿಷಯ ಗೊತ್ತಿರಲಿಲ್ಲ. ಮೈ ಜುಮ್ ಅಂತು.

ಆದ್ರೂ ಕೇಳಲೇಬೇಕು. ಬಾಂಡ್ಸ್ 762 ಹೊಡೆದಿದ್ದಾನೆ. ದಾಖಲೆ ಪುಸ್ತಕದಲ್ಲಿ ಅವನದ್ದೇ ಹೆಸರು. ನಿಜವಾದ ದೊರೆ ಆರನ್ ಅಂತ ಎಲ್ಲರೂ ಹಾಡ್ತಾರೆ. ಸ್ಟೆರಾಯ್ಡ್ ಅಂತೀರಿ, ಅವನು ಗೊತ್ತಿದ್ದೂ ತಗೊಂಡಿಲ್ಲ ಅಂತಾನೇ ಹೇಳಿರೋದು. ಆರನ್ ಕಾಲದಲ್ಲಿ ಎಷ್ಟೋ ಆಟಗಾರರು ಚುರುಕು ಬರಿಸುವ ಆಂಫೆಟಮಿನ್ ಮಾತ್ರೆ ನುಂಗ್ತಿದ್ರು. ಆರನ್ನೇ ಒಂದ್ಸಲ ತಗೊಂಡಿದ್ದೆ ಅಂತ ಬರ್ಕೊಂಡಿದ್ದಾರೆ.

ಲೆಕ್ಕದ ಮೇಷ್ಟ್ರು

ಬರೆದುಕೊಂಡಿದ್ದಾರೆ, ನಿಜ. ಒಂದು ಮಾತ್ರೆ ತಗೊಂಡು ಎದೆ ಹೊಡೆದುಕೊಂಡು ಹೃದಯಾಘಾತ ಆಗುತ್ತೇನೋ ಅಂತ ಹೆದರಿ ಮತ್ತೆ ಮುಟ್ಟಲಿಲ್ಲ ಅಂತಲೂ ಅದೇ ಜಾಗದಲ್ಲಿ ಬರೆದಿದ್ದಾರೆ. ಅರ್ಧ ಹೇಳಬೇಡಿ.

ಬಾಂಡ್ಸ್ ದಾಖಲೆ ದಾಖಲೆಯೇ. ಅಳಿಸಿ ಅಂತ ನಾನೂ ಹೇಳೋದಿಲ್ಲ. ಸ್ಟೆರಾಯ್ಡ್ ಸುದ್ದಿಗೆ ಮೊದಲೂ ಅವರು ಅಸಾಧಾರಣ ಆಟಗಾರ. ಆದರೆ 2001ರಲ್ಲಿ 73 ಹೊಡೆದ ಬಾಂಡ್ಸ್ ಅಷ್ಟಕ್ಕೆ ಮೊದಲು ಯಾವ ಸೀಸನ್‌ನಲ್ಲೂ 50 ಮುಟ್ಟಿರಲಿಲ್ಲ. ಜನರಿಗೆ ಅನುಮಾನ ಬಂದದ್ದು ಸುಮ್ನೆ ಅಲ್ಲ. ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಪತ್ರಕರ್ತರು ಹತ್ತು ವರ್ಷ ಮತ ಹಾಕಿಯೂ ಆರಿಸಲಿಲ್ಲ.

2007ರ ಆಗಸ್ಟ್ 7ರಂದು 756 ಬಂದಾಗ ಆರನ್ ಅಲ್ಲಿಗೆ ಹೋಗಲಿಲ್ಲ. ಮೊದಲೇ ಮಾಡಿಟ್ಟಿದ್ದ ವಿಡಿಯೋವನ್ನು ಮೈದಾನದ ದೊಡ್ಡ ಪರದೆಯಲ್ಲಿ ಹಾಕಿದರು. ಅಭಿನಂದನೆ ಹೇಳಿದರು, ಕೊಂಕು ಮಾತಿಲ್ಲ. ಎರಡನ್ನೂ ಸೇರಿಸಿ ನೋಡಿ, ಅವರ ಮನಸ್ಸು ಗೊತ್ತಾಗುತ್ತದೆ.

ರಾತ್ರಿಪಾಳಿ

ನೋಡಿ, ಮತ್ತೆ 755, 762ಕ್ಕೇ ಬಂದಿರಿ 😅 ನಾನು ಹೇಳಿದ್ದು ಇದನ್ನೇ.

1963 ತಗೊಳ್ಳಿ. ಆ ವರ್ಷ 44 ಹೋಮ್ ರನ್ ಜೊತೆಗೆ 31 ಬೇಸ್ ಕದ್ದಿದ್ದಾರೆ, ಅಂದರೆ ಪಿಚರ್ ಚೆಂಡು ಎಸೆಯುವಷ್ಟರಲ್ಲಿ ಮುಂದಿನ ಬೇಸ್‌ಗೆ ಓಡಿದ್ದಾರೆ. ಹೊಡೆಯೋದೂ ಓಡೋದೂ ಎರಡೂ. ಬಲಗಡೆ ಫೀಲ್ಡಿಂಗ್‌ಗೆ 1958ರಿಂದ ಸತತ ಮೂರು ಗೋಲ್ಡ್ ಗ್ಲವ್ ಪ್ರಶಸ್ತಿ. 1959ರಲ್ಲಿ 223 ಹಿಟ್, .355. ಇವೆಲ್ಲ ನಡೆದದ್ದು ಮಿಲ್ವಾಕೀಯಲ್ಲಿ, ನ್ಯೂಯಾರ್ಕ್ ಪತ್ರಿಕೆಗಳ ಕಣ್ಣಿಂದ ದೂರ. ಮೇಸ್ ಓಡುವಾಗ ಟೋಪಿ ಹಾರುತ್ತಿತ್ತು, ಯಾಂಕೀಸ್‌ನ ಮಿಕಿ ಮ್ಯಾಂಟಲ್ ಹೊಡೆತ ಎಷ್ಟು ದೂರ ಹೋಯಿತು ಅಂತ ಟೇಪು ಹಿಡಿಯುತ್ತಿದ್ದರು. ಆರನ್ ಹತ್ತಿರ ಆ ಥರದ್ದು ಏನೂ ಇಲ್ಲ. ಸುಲಭವಾಗಿ ಮಾಡಿದ್ದರಿಂದ ಸುಲಭ ಅಂದುಕೊಂಡರು. ಜನ ತಲೆ ಎತ್ತಿ ನೋಡಿದ್ದೇ ರೂತ್ ಹತ್ತಿರ ಬಂದಾಗ. ಆಗ ನೋಡಿದ್ದೂ ಆ ಒಂದು ಸಂಖ್ಯೆಯನ್ನು ಮಾತ್ರ.

ಮಲೆನಾಡ ಗಾಳಿ

ಇದಕ್ಕೆ ಪೂರ್ತಿ ಸಹಮತ. ಹಾಲ್ ಆಫ್ ಫೇಮ್ ಮತವನ್ನೇ ನೋಡಿ. 1982ರಲ್ಲಿ 415 ಜನ ಮತ ಹಾಕಿದರು, 406 ಬಿತ್ತು. ಒಂಬತ್ತು ಜನ ಪತ್ರಕರ್ತರು ಕೂತು ಯೋಚನೆ ಮಾಡಿ ಹ್ಯಾಂಕ್ ಆರನ್ ಬೇಡ ಅಂತ ತೀರ್ಮಾನಿಸಿದರು! ಆ ಒಂಬತ್ತು ಜನ ಏನು ನೋಡಿದ್ದರೋ, ಯಾವ ಆಟ ನೋಡಿದ್ದರೋ.

ಹೊಸಬ

715 ಆದ ಮೇಲೆ ಏನು ಮಾಡಿದ್ರು? ಜಪಾನಿನಲ್ಲಿ ಯಾರೋ ಇವರಿಗಿಂತ ಜಾಸ್ತಿ ಹೊಡೆದಿದ್ದಾರೆ ಅಂತ ಎಲ್ಲೋ ಓದಿದ ನೆನಪು.

ಲೆಕ್ಕದ ಮೇಷ್ಟ್ರು

ಸದಹರು ಓ. ಯೊಮಿಯುರಿ ಜೈಂಟ್ಸ್, 868 ಹೋಮ್ ರನ್. ಒಂದು ಕಾಲೆತ್ತಿ ಕೊಕ್ಕರೆ ಥರ ನಿಂತು ಹೊಡೆಯುತ್ತಿದ್ದವರು. 1974ರ ನವೆಂಬರ್‌ನಲ್ಲಿ ಟೋಕಿಯೊದ ಕೊರಾಕುಯೆನ್ ಮೈದಾನದಲ್ಲಿ ಇಬ್ಬರಿಗೂ ಹೋಮ್ ರನ್ ಸ್ಪರ್ಧೆ ಇಟ್ಟರು. 10-9ರಲ್ಲಿ ಆರನ್ ಗೆದ್ದರು. ಇಬ್ಬರೂ ಸ್ನೇಹಿತರಾದರು, ಆಮೇಲೆ ಮಕ್ಕಳಿಗೆ ಬೇಸ್‌ಬಾಲ್ ಕಲಿಸುವ ಅಂತರರಾಷ್ಟ್ರೀಯ ಶಿಬಿರವನ್ನೂ ಜೊತೆಯಾಗಿ ಶುರು ಮಾಡಿದರು. ಜಪಾನ್ ಲೀಗ್ ಬೇರೆ, ಮೈದಾನ ಸಣ್ಣದು ಅಂತ ಅಮೆರಿಕದವರು ಮೂಗು ಮುರಿಯುತ್ತಾರೆ. ಆರನ್ ಹಾಗೆ ಮಾಡಲಿಲ್ಲ.

ಅದೇ ತಿಂಗಳು ಬ್ರೇವ್ಸ್ ಇವರನ್ನು ಮಿಲ್ವಾಕೀ ಬ್ರೂವರ್ಸ್‌ಗೆ ಕೊಟ್ಟುಬಿಟ್ಟರು. ಆಟ ಶುರುವಾದ ಊರಿಗೇ ವಾಪಸ್. ಎರಡು ಸೀಸನ್ ಹೆಚ್ಚಾಗಿ ಬರೀ ಬ್ಯಾಟ್ ಮಾಡುವ ಕೆಲಸ, 12 ಮತ್ತು 10 ಹೋಮ್ ರನ್. 1976ರ ಜುಲೈ 20ರಂದು ಏಂಜಲ್ಸ್‌ನ ಡಿಕ್ ಡ್ರಾಗೊ ಎಸೆತಕ್ಕೆ ಕೊನೆಯದು. ಆಗ ಅದೇ ಕೊನೆಯದು ಅಂತ ಯಾರಿಗೂ ಗೊತ್ತಿರಲಿಲ್ಲ.

ಅಟ್ಲಾಂಟಾ ವಾಸಿ

ಆಟ ಬಿಟ್ಟ ಮೇಲೆ ಬ್ರೇವ್ಸ್ ಆಡಳಿತಕ್ಕೆ ಬಂದು ಹೊಸ ಆಟಗಾರರನ್ನು ಬೆಳೆಸುವ ವಿಭಾಗ ನೋಡಿಕೊಂಡರು. ಆಗ ಅಂಥ ಹುದ್ದೆಯಲ್ಲಿ ಕಪ್ಪು ಜನ ಇರಲೇ ಇಲ್ಲ ಅನ್ನಬಹುದು. ಮೈದಾನದಲ್ಲಿ ನಾವು ಬೇಕು, ಮ್ಯಾನೇಜರ್ ಕುರ್ಚಿಗೆ ಯಾಕೆ ಬೇಡ ಅಂತ ಅವರು ಪದೇ ಪದೇ ಕೇಳುತ್ತಿದ್ದರು. ಹೇಳಿ ಹೇಳಿ ಕಹಿ ಮನುಷ್ಯ ಅನ್ನಿಸಿಕೊಂಡರು. ನನಗೆ ಅದು ಕಹಿ ಅನ್ನಿಸೋದಿಲ್ಲ, ಲೆಕ್ಕ ಕೇಳೋದು ಅಷ್ಟೇ.

2021ರ ಜನವರಿ 5ರಂದು ಇಲ್ಲಿನ ಮೋರ್‌ಹೌಸ್ ವೈದ್ಯಕೀಯ ಕಾಲೇಜಿನಲ್ಲಿ ಕ್ಯಾಮೆರಾ ಮುಂದೆ ಕೋವಿಡ್ ಲಸಿಕೆ ಹಾಕಿಸಿಕೊಂಡರು, ಕಪ್ಪು ಜನರಿಗೆ ಧೈರ್ಯ ಬರಲಿ ಅಂತ. 22ಕ್ಕೆ ತೀರಿಕೊಂಡರು, 86 ವರ್ಷ. ಲಸಿಕೆಯಿಂದಲೇ ಅಂತ ವಾಟ್ಸ್ಆ್ಯಪ್‌ನಲ್ಲಿ ತಿರುಗಿದ್ದು ಸುಳ್ಳು. ಸಹಜ ಸಾವು ಅಂತ ಇಲ್ಲಿನ ಅಧಿಕಾರಿಗಳೇ ಹೇಳಿದ್ದಾರೆ. ಈ ಥ್ರೆಡ್‌ನಲ್ಲಿ ಯಾರಾದರೂ ಅದನ್ನು ತರುವ ಮೊದಲೇ ಹೇಳಿಬಿಟ್ಟೆ.

ದಾವಣಗೆರೆ ಬೆಣ್ಣೆ

ಆ 715 ಹೊಡೆದ ಸ್ಟೇಡಿಯಂ ಇದೆಯಾ ಸರ್ ಈಗ? ಮುಂದಿನ ವರ್ಷ ಅಕ್ಕನ ಮನೆಗೆ ಬರೋದಿದೆ ಆ ಕಡೆ, ನೋಡ್ಕೊಂಡು ಬರೋಣ ಅಂತ.

ಅಟ್ಲಾಂಟಾ ವಾಸಿ

1997ರಲ್ಲೇ ಕೆಡವಿದರು. ಜಾಗ ಪಾರ್ಕಿಂಗ್ ಆಯಿತು. ಆದರೆ ಚೆಂಡು ಬೇಲಿ ದಾಟಿದ ಕಡೆ ಗುರುತು ಉಳಿಸಿದ್ದಾರೆ, 715 ಅಂತ ಬರೆದಿದೆ. ಬ್ರೇವ್ಸ್ ಈಗ ಆಡೋದು ಟ್ರೂಯಿಸ್ಟ್ ಪಾರ್ಕ್‌ನಲ್ಲಿ, ಅದು ಊರ ಇನ್ನೊಂದು ಕಡೆ. ಅಲ್ಲಿ ಆರನ್ ಪ್ರತಿಮೆ ಇದೆ. ಎರಡನ್ನೂ ಒಂದೇ ದಿನ ನೋಡಬಹುದು, ಕಾರು ಇರಬೇಕು. ಏಪ್ರಿಲ್ ಮೇಲೆ ಬನ್ನಿ, ಪಂದ್ಯವನ್ನೂ ನೋಡಿದ ಹಾಗಾಗುತ್ತದೆ.

ದಾವಣಗೆರೆ ಬೆಣ್ಣೆ

ಬರ್ತೀನಿ ಸರ್. ರೂತ್ ವಾದ ಅಲ್ಲೇ ಮುಗಿಸೋಣ.